ಅಕ್ಕೋರ ಉದ್ದ ಪುಸ್ತಕ: ಮುಳುಗಿದ ಊರಿನ 13 ಮಕ್ಕಳನ್ನು ಹುಡುಕುತ್ತಿದ್ದೇನೆ

ಮೊಮ್ಮಗಳು, ಸಾಗರ:

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮಮ್ಮ ಈ ಸೆಪ್ಟೆಂಬರಿನಲ್ಲಿ ತೀರಿಕೊಂಡರು. 93 ವರ್ಷ ಆಗಿತ್ತು. ಹಿಂದಿನ ರಾತ್ರಿ ಗಂಜಿ ಉಂಡಿದ್ದರು. ಮಿಡಿ ಉಪ್ಪಿನಕಾಯಿಯ ರಸ ಇನ್ನೊಂಚೂರು ಹಾಕು ಅಂತ ಕೇಳಿ ಹಾಕಿಸಿಕೊಂಡಿದ್ದರು. ಬೆಳಗಿನ ಜಾವ ನಿದ್ದೆಯಲ್ಲೇ ಹೋದರು.

1951ರಿಂದ 1990ರವರೆಗೆ ಸಾಗರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳಿದವರು ಅವರು. ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಊರಿಗೆಲ್ಲ ಅಕ್ಕೋರು. ಮನೆಯಲ್ಲಿ ನಮಗೆ ಅಮ್ಮಮ್ಮ. ಅಂಚೆಯವರೂ 'ಅಕ್ಕೋರ ಮನೆ' ಅಂತಿದ್ದರೆ ಸಾಕು, ಕಾಗದ ತಂದು ಕೊಡುತ್ತಿದ್ದರು.

ಹದಿಮೂರನೇ ದಿನ ಕಳೆದ ಮೇಲೆ ಅವರ ಕಪಾಟು ತೆಗೆದೆವು. ಸೀರೆಗಳ ಕೆಳಗೆ ಒಂದು ಉದ್ದ ಪುಸ್ತಕ ಇತ್ತು. ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರಲ್ಲ, ಅಂಥದ್ದು. ಮೊದಲ ಪುಟದಲ್ಲಿ '1964' ಅಂತ ಮಾತ್ರ ಇದೆ. ಆಮೇಲೆ 61 ಮಕ್ಕಳ ಹೆಸರು.

ಆಗ ಅವರು ಶರಾವತಿ ದಂಡೆಯ ಒಂದು ಊರಿನಲ್ಲಿ ಒಬ್ಬರೇ ಅಕ್ಕೋರು. ಏಕೋಪಾಧ್ಯಾಯ ಶಾಲೆ. ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಆ ಊರು ಮುಳುಗಿತು. ಹೊರಡುವ ಮುಂಚೆ ಅಷ್ಟೂ ಮಕ್ಕಳಿಗೆ ಟಿ.ಸಿ. ಬರೆದು ಕೊಟ್ಟವರು ಇವರೇ. ಟಿ.ಸಿ.ಯಲ್ಲಿ ಬರೆಯಲು ಜಾಗ ಇಲ್ಲದ್ದನ್ನೆಲ್ಲ ಈ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.

ಎರಡು ಮೂರು ಸಾಲು ಇಲ್ಲಿ ಹಾಕುತ್ತೇನೆ. ಹೆಸರು ಬಿಟ್ಟಿದ್ದೇನೆ.

'ಸಂಕದ ಹತ್ತಿರದ ಮನೆ, ಹಿರಿ ಮಗ. ಒತ್ತಕ್ಷರ ತಪ್ಪುತ್ತಾನೆ. ಮಗ್ಗಿ 16ರವರೆಗೆ ಬರುತ್ತದೆ. ಹೊಸನಗರ ಕಡೆ ಹೋದರು.'

'ಹೊಳೆ ಆಚೆ ಕೊನೇ ಮನೆ, ಎರಡನೇ ಹುಡುಗಿ. ಒಗಟು ಚೆನ್ನಾಗಿ ಹೇಳುತ್ತಾಳೆ. ಭಾಗಾಕಾರ ಇನ್ನೂ ಬಂದಿಲ್ಲ. ಭದ್ರಾವತಿ ಕಡೆಗೆ.'

'ಕಮ್ಮಾರನ ಮಗ. ಓದಲು ಇಷ್ಟ. ಕಣ್ಣು ತೋರಿಸಬೇಕು ಅಂತ ತಾಯಿಗೆ ಹೇಳಿದ್ದೇನೆ.'

ಪ್ರತಿ ಮಗುವಿಗೂ ಹೀಗೇ. ಏನು ಬರುತ್ತದೆ, ಏನು ಇನ್ನೂ ಬಂದಿಲ್ಲ, ಎಲ್ಲಿಗೆ ಹೋದರು. ಅದರ ಕೆಳಗೆ ಬೇರೆ ಬೇರೆ ವರ್ಷದಲ್ಲಿ, ಬೇರೆ ಬೇರೆ ಶಾಯಿಯಲ್ಲಿ ಸೇರಿಸುತ್ತಾ ಬಂದಿದ್ದಾರೆ. 'ಮದುವೆ ಆಯಿತು, ಸೊರಬ.' 'ಈಗ ಕಂಡಕ್ಟರ್.' 'ಕನ್ನಡಕ ಹಾಕಿದ್ದಾನೆ.' ಈ ಕೊನೆಯದು ಕಮ್ಮಾರನ ಮಗನ ಕೆಳಗೆ ಇದೆ. ಹತ್ತು ವರ್ಷ ಬಿಟ್ಟು ಬರೆದದ್ದು.

ಈ ಸುದ್ದಿಯೆಲ್ಲ ಎಲ್ಲಿಂದ ಸಿಗುತ್ತಿತ್ತು ಅಂದರೆ, ಸಾಗರದ ಮಾರಿಜಾತ್ರೆಯಲ್ಲಿ. ಮೂರು ವರ್ಷಕ್ಕೊಮ್ಮೆ ಜಾತ್ರೆ ಆಗುತ್ತದಲ್ಲ, ಚದುರಿ ಹೋದವರೆಲ್ಲ ಆಗ ಬರುತ್ತಿದ್ದರು. ಅಮ್ಮಮ್ಮ ಚೀಲದಲ್ಲಿ ಈ ಪುಸ್ತಕ ಇಟ್ಟುಕೊಂಡು ಹೋಗುತ್ತಿದ್ದರು. ನಾವು ಮಕ್ಕಳು ತೊಟ್ಟಿಲು, ಬೆಂಡು ಬತ್ತಾಸು ಅಂತ ಓಡಿದರೆ ಅವರು ಜನರ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಆಗ ನನಗೆ ಏನೂ ಗೊತ್ತಾಗುತ್ತಿರಲಿಲ್ಲ.

48 ಹೆಸರಿನ ಕೆಳಗೆ ಮುಂದಿನ ಸುದ್ದಿ ಇದೆ. 13 ಹೆಸರಿನ ಕೆಳಗೆ ಖಾಲಿ. ಆ 13 ಜನ ಎಲ್ಲಿದ್ದಾರೆ? ಈಗ ಎಲ್ಲರಿಗೂ 67, 70 ಆಗಿರಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ. ಅಮ್ಮಮ್ಮನ ಬಗ್ಗೆ ನಿಮಗೆ ನೆನಪಿರುವುದನ್ನೂ ಬರೆಯಿರಿ. ನಮಗೆ ಗೊತ್ತಿದ್ದದ್ದು ಮನೆಯ ಅಮ್ಮಮ್ಮ ಮಾತ್ರ.

ಬ್ಯಾಕೋಡು ಕಡೆಯವನು:

ಸುದ್ದಿ ಕೇಳಿ ಬಹಳ ಬೇಜಾರಾಯಿತು. ನಾನು ಆ 61ರಲ್ಲಿ ಇಲ್ಲ. ನಾನು ಓದಿದ್ದು 1970ರ ದಶಕದಲ್ಲಿ, ಹಿನ್ನೀರಿನ ಈಚೆ, ಕರೂರು ಹೋಬಳಿಯಲ್ಲಿ. ಅಕ್ಕೋರು ಸೋಮವಾರ ಬೆಳಿಗ್ಗೆ ಲಾಂಚಿನಲ್ಲಿ ಬರುತ್ತಿದ್ದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೋಗುತ್ತಿದ್ದರು. ವಾರವೆಲ್ಲ ಶಾಲೆಯ ಪಕ್ಕದ ಒಂದು ಮನೆಯ ಜಗಲಿ ಕೋಣೆಯಲ್ಲಿ ಇರುತ್ತಿದ್ದರು. ಮನೆಯಲ್ಲಿ ಸಣ್ಣ ಮಕ್ಕಳನ್ನು ಬಿಟ್ಟು ಬರುತ್ತಿದ್ದರು ಅಂತ ನಮಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ಮಳೆಗಾಲದಲ್ಲಿ ನಾವು ಕಂಬಳಿ ಕೊಪ್ಪೆ ಹಾಕಿಕೊಂಡು, ಸಂಕ ದಾಟಿ, ಎರಡು ಮೈಲಿ ನಡೆದು ಶಾಲೆಗೆ ಬರುತ್ತಿದ್ದೆವು. ಕಾಲಿನ ತುಂಬ ಉಂಬಳ, ಅಂದರೆ ಜಿಗಣೆ. ಅಕ್ಕೋರು ಬಾಗಿಲಲ್ಲಿ ಒಂದು ಡಬ್ಬಿಯಲ್ಲಿ ಸುಣ್ಣ, ಹೊಗೆಸೊಪ್ಪಿನ ಪುಡಿ ಕಲಸಿ ಇಟ್ಟಿರುತ್ತಿದ್ದರು. ಮೊದಲು ಉಂಬಳ ತೆಗೆಯುವುದು, ಆಮೇಲೆ ಪ್ರಾರ್ಥನೆ. ಒಲೆಯ ಹತ್ತಿರ ಕಂಬಳಿ ಒಣಗಿಸಲು ಹಗ್ಗ ಕಟ್ಟಿಸಿದ್ದರು.

ಆಗ ಶಾಲೆಗೆ ಕೇರ್ ಸಂಸ್ಥೆಯ ಉಪ್ಪಿಟ್ಟಿನ ರವೆ, ಹಾಲಿನ ಪುಡಿ ಬರುತ್ತಿತ್ತು. ನಮ್ಮ ಕಡೆಯವರು ಅಮೆರಿಕದ ಹಾಲು ಅನ್ನುತ್ತಿದ್ದರು. ಲಾಂಚು ನಿಂತರೆ ಅದೂ ಬರುತ್ತಿರಲಿಲ್ಲ. ಅಂಥ ದಿನ ಅಕ್ಕೋರು ತಮ್ಮ ಅಕ್ಕಿಯಿಂದಲೇ ಗಂಜಿ ಮಾಡಿಸುತ್ತಿದ್ದರು. ಇದನ್ನು ಯಾರಿಗೂ ಹೇಳಬೇಡಿ ಅನ್ನುತ್ತಿದ್ದರು. ಈಗ ಹೇಳುತ್ತಿದ್ದೇನೆ.

ಉಕ್ತಲೇಖನ ಕೊಡುವಾಗ ಪಾಠದ ಪುಸ್ತಕ ಹಿಡಿಯುತ್ತಿರಲಿಲ್ಲ. ನಮ್ಮ ಊರಿನ ಮಾತನ್ನೇ ವಾಕ್ಯ ಮಾಡಿ ಹೇಳುತ್ತಿದ್ದರು. 'ಕೃಷ್ಣಪ್ಪನ ಎಮ್ಮೆ ಕರು ಹಾಕಿತು' ಅಂತ ಹೇಳಿದರೆ ಕೃ, ಷ್ಣ, ಪ್ಪ, ಮ್ಮೆ ಎಲ್ಲ ಒಂದೇ ಸಲ ಬಂತಲ್ಲ! ನನಗೆ ಈಗಲೂ ಷ್ಣ ಬರೆಯುವಾಗ ಆ ಎಮ್ಮೆ ನೆನಪಾಗುತ್ತದೆ.

ಜೂನ್ ಒಂದು ಅಲ್ಲ:

ನನ್ನ ಈ ಹೆಸರಿಗೆ ಕಾರಣವೇ ಅಕ್ಕೋರು. ನಮ್ಮ ವಯಸ್ಸಿನವರಲ್ಲಿ ಅರ್ಧಕ್ಕರ್ಧ ಜನರ ಹುಟ್ಟಿದ ದಿನ ಜೂನ್ 1 ಅಲ್ವಾ? ಶಾಲೆಗೆ ಸೇರಿಸುವಾಗ ಅಪ್ಪ ಅಮ್ಮನಿಗೆ ತಾರೀಕು ಗೊತ್ತಿರುವುದಿಲ್ಲ. ಆರು ವರ್ಷ ತುಂಬಬೇಕು. ಮೇಷ್ಟ್ರು ಸುಮ್ನೆ ಜೂನ್ ಒಂದು ಅಂತ ಬರೆದುಬಿಡುತ್ತಿದ್ದರು.

ಅಕ್ಕೋರು ಹಾಗೆ ಬರೆಯುತ್ತಿರಲಿಲ್ಲ. ನಮ್ಮ ಅಮ್ಮನನ್ನು ಕೂರಿಸಿಕೊಂಡು ಒಂದು ಗಂಟೆ ಕೇಳಿದರಂತೆ. ಮಳೆ ಹಿಡಿದಿತ್ತಾ? ನಾಟಿ ಆಗಿತ್ತಾ? ಭೂಮಿ ಹುಣ್ಣಿಮೆ ಮುಗಿದು ಎಷ್ಟು ದಿನ? ಆ ಹಬ್ಬಕ್ಕೆ ಮನೆಯಲ್ಲಿ ಬುಟ್ಟಿಗೆ ಚಿತ್ತಾರ ಬರೆದವರು ಯಾರು? ಆ ವರ್ಷ ಅಮ್ಮನಿಗೆ ದಿನ ತುಂಬಿತ್ತು, ಬುಟ್ಟಿ ಬರೆಯಲು ಕೂರಲು ಆಗಲಿಲ್ಲ, ನಾದಿನಿ ಬರೆದಳು. ಹುಣ್ಣಿಮೆ ಕಳೆದು ನಾಲ್ಕನೇ ದಿನಕ್ಕೆ ನಾನು. ಅಮ್ಮನಿಗೆ ತಾರೀಕು ಗೊತ್ತಿರಲಿಲ್ಲ, ಆದರೆ ಇಷ್ಟೆಲ್ಲ ಗೊತ್ತಿತ್ತು. ಅಕ್ಕೋರು ಹಳೇ ಒಂಟಿಕೊಪ್ಪಲ್ ಪಂಚಾಂಗ ತೆಗೆದು ತಾರೀಕು ಹುಡುಕಿದರು.

ನಾನು ದೀವರ ಮನೆಯವಳು. ಬುಟ್ಟಿ ಚಿತ್ತಾರ ನಮ್ಮ ಹೆಂಗಸರ ಕೈಯ ಕೆಲಸ. ಶಾಲೆಯ ದಾಖಲೆಯಲ್ಲಿ ನನ್ನ ಹುಟ್ಟು ಆ ಬುಟ್ಟಿಯ ಲೆಕ್ಕದ ಮೇಲೆ ನಿಂತಿದೆ. ಪ್ರತಿ ವರ್ಷ ಆ ದಿನ ಅವರಿಗೆ ಫೋನ್ ಮಾಡುತ್ತಿದ್ದೆ. ಈ ವರ್ಷ ಯಾರಿಗೆ ಮಾಡಲಿ ಅಂತ ಗೊತ್ತಾಗಲಿಲ್ಲ.

ಮೊಮ್ಮಗಳು, ಸಾಗರ:

ಅಕ್ಕ, ಮುಂದಿನ ವರ್ಷ ನನಗೆ ಮಾಡಿ. ಖಂಡಿತ ಮಾಡಿ. ಆ ಹಳೇ ಪಂಚಾಂಗಗಳ ಕಟ್ಟು ಇನ್ನೂ ಅಟ್ಟದ ಮೇಲಿದೆ. ರದ್ದಿಗೆ ಹಾಕೋಣ ಅಂತ ಅಂದುಕೊಂಡಿದ್ದೆವು. ಇನ್ನು ಹಾಕುವುದಿಲ್ಲ.

ಬೆಂಗಳೂರಿನ ಓದುಗ:

ನನಗೆ ಆ ಕಡೆ ಪರಿಚಯ ಕಡಿಮೆ. ಲಿಂಗನಮಕ್ಕಿ ಅಂದರೆ ಜೋಗಕ್ಕೆ ಹೋಗುವಾಗ ನೋಡುವ ಅಣೆಕಟ್ಟು ಅಂತ ಮಾತ್ರ ಗೊತ್ತು. ಊರಿಗೆ ಊರೇ ಹೋಯಿತಾ? ಜನರಿಗೆ ಜಾಗ ಕೊಟ್ಟಿರಲಿಲ್ಲವಾ?

ಬ್ಯಾಕೋಡು ಕಡೆಯವನು:

ಒಂದಲ್ಲ ಸರ್, ಸಾಗರ ಮತ್ತು ಹೊಸನಗರ ತಾಲ್ಲೂಕಿನ ಎಷ್ಟೋ ಊರುಗಳು. ಮೊದಲು ಮಡೇನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಇತ್ತು. ಜೋಗದ ವಿದ್ಯುದಾಗಾರ ಶುರುವಾಗಿದ್ದು 1948ರಲ್ಲಿ, ಅದಕ್ಕೆ ನೀರು ಅಲ್ಲಿಂದ. ಆಮೇಲೆ ಇನ್ನೂ ದೊಡ್ಡದು ಬೇಕು ಅಂತ ಲಿಂಗನಮಕ್ಕಿ ಕಟ್ಟಿದರು. 1964ರಲ್ಲಿ ಮುಗಿಯಿತು. ಉದ್ದವೇ ಸುಮಾರು 2.7 ಕಿಲೋಮೀಟರ್. ಆ ನೀರಿನಲ್ಲಿ ಹಳೇ ಅಣೆಕಟ್ಟೂ ಮುಳುಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಮೇಲೆ ಕಾಣುತ್ತದೆ.

ಜನರನ್ನು ಲಾರಿಯಲ್ಲಿ ತುಂಬಿ ಶಿವಮೊಗ್ಗ, ಭದ್ರಾವತಿ, ಸೊರಬ ಕಡೆಯ ಕಾಡಿನಲ್ಲಿ ಇಳಿಸಿದರು. ಅಲ್ಲೇ ಕಡಿದು, ಉತ್ತು, ಬದುಕು ಮಾಡಿಕೊಂಡರು. ಆ ಜಾಗಕ್ಕೆ ಹಕ್ಕುಪತ್ರ ಸಿಗದವರು ಇವತ್ತಿಗೂ ಇದ್ದಾರೆ. ಬೆಂಗಳೂರಿಗೆ ದೀಪ ಹತ್ತಿತು. ನಮ್ಮ ಹೋಬಳಿಯಲ್ಲಿ ನಾನು ನಾಲ್ಕನೇ ಕ್ಲಾಸು ಮುಗಿಸುವವರೆಗೂ ಸೀಮೆಎಣ್ಣೆ ಬುಡ್ಡಿಯಲ್ಲೇ ಓದಿದ್ದು.

ದೊಡ್ಡ ಸೊಸೆ:

ಕೂಸೇ, ನೀನು ಇದನ್ನು ಬರೆದದ್ದು ಒಳ್ಳೆಯದಾಯಿತು. ನಾನೂ ಹೇಳುತ್ತೇನೆ. ನಾನು ಈ ಮನೆಗೆ ಬಂದದ್ದು 1978ರಲ್ಲಿ. ಮಾವ ಆಗಲೇ ಇರಲಿಲ್ಲ. ಅವರು ಹೋದಾಗ ಅತ್ತೆಗೆ 37 ವರ್ಷ. ತಮ್ಮ ನಾಲ್ಕು ಮಕ್ಕಳು, ಮೈದುನನ ಮೂರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಮನೆಗೆ ಬರುತ್ತಿದ್ದದ್ದು ಒಂದೇ ಸಂಬಳ, ಅವರದ್ದು. ಅವರು ವಾರವೆಲ್ಲ ಹೊಳೆ ಆಚೆ. ಆದರೂ ಮನೆ ನಡೆಯುತ್ತಿದ್ದದ್ದು ಅವರ ಮಾತಿನ ಮೇಲೆ. ಶನಿವಾರ ಸಂಜೆ ಬಂದು ಚಪ್ಪಲಿ ಬಿಟ್ಟರೆ ಮೊದಲು ಕೊಟ್ಟಿಗೆಗೆ ಹೋಗುತ್ತಿದ್ದರು, ಆಮೇಲೆ ಒಳಗೆ. ರಾತ್ರಿ ಎಲ್ಲರೂ ಅಡಿಕೆ ಸುಲಿಯಲು ಕೂತರೆ ಅವರೂ ಮೆಟ್ಟುಗತ್ತಿ ಮುಂದೆ ಕೂರುತ್ತಿದ್ದರು. ಕೈ ಸುಲಿಯುತ್ತಾ ಇರುತ್ತಿತ್ತು, ಬಾಯಿ ಏಳು ಮಕ್ಕಳ ಮಗ್ಗಿ ಕೇಳುತ್ತಾ ಇರುತ್ತಿತ್ತು.

ನಾನು ಎಸ್ಸೆಸ್ಸೆಲ್ಸಿ ಅರ್ಧಕ್ಕೆ ಬಿಟ್ಟು ಮದುವೆ ಆದವಳು. ಬಂದ ಎರಡನೇ ತಿಂಗಳಿಗೇ 'ನೀನು ಪರೀಕ್ಷೆಗೆ ಕಟ್ಟು' ಅಂದರು. ಬಸುರಿಯಾಗಿ ಪರೀಕ್ಷೆ ಬರೆದೆ. ಪಾಸಾದ ದಿನ ಅತ್ತೆ ತಾವೇ ಒಲೆ ಮುಂದೆ ಕೂತು ತೊಡೆದೇವು ಹೊಯ್ದರು. ಮಡಕೆಯ ಮೇಲೆ ತೆಳ್ಳಗೆ ಹಾಳೆಯ ಹಾಗೆ. ಆಮೇಲೆ ನಾನು ಮಾಡಿದ್ದು ಯಾವತ್ತೂ ಅಷ್ಟು ತೆಳ್ಳಗೆ ಬಂದಿಲ್ಲ.

ಇನ್ನೊಂದು ಮಾತು. ಇದನ್ನು ಮನೆಯಲ್ಲಿ ಯಾರೂ ಹೆಚ್ಚು ಆಡುವುದಿಲ್ಲ. 1974ರಲ್ಲಿ ಉಳುವವನಿಗೇ ಭೂಮಿ ಅಂತ ಭೂಸುಧಾರಣೆ ಕಾನೂನು ಬಂತಲ್ಲ, ಗೇಣಿ ಮಾಡುವವರು ಡಿಕ್ಲರೇಷನ್ ಹಾಕಬೇಕಿತ್ತು, ಫಾರಂ ನಂಬರ್ 7. ಬರೆಯಲು ಬರದವರೆಲ್ಲ ಅಕ್ಕೋರ ಹತ್ತಿರ ಬಂದರು. ಅತ್ತೆ ಎಲ್ಲರಿಗೂ ತುಂಬಿಕೊಟ್ಟರು. ನಮ್ಮದೇ ಮನೆಯ ಎರಡು ಎಕರೆ ಗದ್ದೆ ಗೇಣಿಗೆ ಮಾಡುತ್ತಿದ್ದವನು ಮಾತ್ರ ಬರಲಿಲ್ಲ. ನಾಚಿಕೆಯೋ ಹೆದರಿಕೆಯೋ. ಅತ್ತೆ ತಾವೇ ಅವನ ಮನೆಗೆ ಹೋಗಿ ತುಂಬಿಸಿಕೊಟ್ಟು ಬಂದರು. ಗದ್ದೆ ಹೋಯಿತು. ಅತ್ತೆಯ ಮೈದುನ ಆರು ವರ್ಷ ಅವರ ಹತ್ತಿರ ಮಾತಾಡಲಿಲ್ಲ. ಆ ಆರು ವರ್ಷವೂ ಅತ್ತೆ ಅವನ ತಟ್ಟೆಗೆ ತಾವೇ ಬಡಿಸಿದರು. ನಾನು ಬಂದ ಮೇಲೂ ಅದು ನಡೆಯುತ್ತಿತ್ತು, ನನ್ನ ಕಣ್ಣಾರೆ ನೋಡಿದ್ದೇನೆ. ಅವರಿಗೆ ನೋವಾಗಲಿಲ್ಲ ಅಂತ ನಾನು ಹೇಳುವುದಿಲ್ಲ. ರಾತ್ರಿ ಜಗಲಿಯಲ್ಲಿ ಒಬ್ಬರೇ ಕೂತಿರುತ್ತಿದ್ದರು.

ಮೊಮ್ಮಗಳು, ಸಾಗರ:

ಅತ್ತೆ, ಇದು ನನಗೆ ಗೊತ್ತೇ ಇರಲಿಲ್ಲ. ಸಣ್ಣಜ್ಜ ಕೊನೆಗಾಲದಲ್ಲಿ ಅಮ್ಮಮ್ಮನ ಕೈಯಿಂದಲೇ ಔಷಧಿ ಕುಡಿಯುತ್ತಿದ್ದದ್ದು ನೆನಪಿದೆ.

ಅಜ್ಜನ ಪರವಾಗಿ:

ನಮ್ಮ ಅಜ್ಜನಿಗೆ 83. ಅವರು ಹೇಳಿದ್ದನ್ನು ನಾನು ಬರೆಯುತ್ತಿದ್ದೇನೆ. ನಮ್ಮದು ಕಾಗೋಡಿನ ಹತ್ತಿರದ ಊರು. 1951ರಲ್ಲಿ ಅಕ್ಕೋರು ಮೊದಲ ಸಲ ಕೆಲಸಕ್ಕೆ ಸೇರಿದ್ದು ನಮ್ಮ ಶಾಲೆಗೆ. ಎಲ್.ಎಸ್. (ಲೋವರ್ ಸೆಕೆಂಡರಿ) ಪಾಸಾಗಿದ್ದರು, 19 ವರ್ಷ. ಹೆಂಗಸೊಬ್ಬಳು ಪಾಠ ಹೇಳುವುದನ್ನು ನೋಡಲು ಜನ ಕಿಟಕಿ ಹತ್ತಿರ ಬಂದು ನಿಲ್ಲುತ್ತಿದ್ದರಂತೆ.

ಅದೇ ವರ್ಷ ಕಾಗೋಡು ಸತ್ಯಾಗ್ರಹ. ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ ಜಗಳ ಎದ್ದಿತ್ತು. ಕೊಳಗ ಅಂದರೆ ಮೂರು ಸೇರು ಇರಬೇಕು. ಒಡೆಯರು ಅಳೆದುಕೊಳ್ಳುತ್ತಿದ್ದ ಕೊಳಗ ಅದಕ್ಕಿಂತ ದೊಡ್ಡದು. ಗಣಪತಿಯಪ್ಪನವರು ರೈತರನ್ನು ಸೇರಿಸಿದ್ದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದೂ ಆಗಲೇ.

ಅಜ್ಜ ಆಗ ಒಂಬತ್ತು ವರ್ಷದ ಹುಡುಗ. ಅಕ್ಕೋರು ಒಂದು ದಿನ ಕ್ಲಾಸಿಗೆ ಒಂದು ಸೇರು ಮತ್ತು ಒಂದು ಕೊಳಗ ತಂದರು. ಲೆಕ್ಕದ ಪಾಠ. 'ಮರಳು ತುಂಬಿ ಅಳೆಯಿರಿ, ಎಷ್ಟು ಸೇರು ಹಿಡಿಯುತ್ತದೆ ನೋಡಿ' ಅಂದರು. ಮಕ್ಕಳು ಅಳೆದರು. ಮೂರು ತುಂಬಿದ ಮೇಲೂ ಕೊಳಗದಲ್ಲಿ ಜಾಗ ಇತ್ತು. ಅಕ್ಕೋರು ಬೇರೆ ಏನೂ ಹೇಳಲಿಲ್ಲ, 'ಸ್ಲೇಟಿನಲ್ಲಿ ಬರೆದುಕೊಳ್ಳಿ' ಅಂದರು ಅಷ್ಟೆ. ಅಜ್ಜ ಆ ಸ್ಲೇಟನ್ನು ಅಳಿಸದೆ ಮನೆಗೆ ತಂದು ಅವರ ಅಪ್ಪನಿಗೆ ತೋರಿಸಿದರು. ಮುಂದಿನ ವರ್ಷ ಅಕ್ಕೋರನ್ನು ಬೇರೆ ಶಾಲೆಗೆ ವರ್ಗ ಮಾಡಿದರು. ಅಜ್ಜನ ಪ್ರಕಾರ ಕಾರಣ ಆ ಕೊಳಗವೇ. ಕಾಗದದಲ್ಲಿ ಹಾಗೆ ಬರೆದಿರಲಿಲ್ಲ.

ಹಳೇ ವಿದ್ಯಾರ್ಥಿ:

ಎಲ್ಲರೂ ಒಳ್ಳೆಯದನ್ನೇ ಬರೆಯುತ್ತಿದ್ದೀರಿ. ನನಗೆ ಅವರು ಹೊಡೆದಿದ್ದಾರೆ. ಅದನ್ನೂ ಹೇಳಬೇಕು ಅನ್ನಿಸಿತು. ಐದು ಪೈಸೆ ಕದ್ದಿದ್ದೇನೆ ಅಂತ ಬೆತ್ತದಲ್ಲಿ ಅಂಗೈ ಮೇಲೆ ಹೊಡೆದರು. ನಾನು ಕದ್ದಿರಲಿಲ್ಲ. ಮರುದಿನದಿಂದ ಶಾಲೆಗೆ ಹೋಗಲಿಲ್ಲ. ನಾಲ್ಕನೇ ದಿನ ಅಕ್ಕೋರು ಮಳೆಯಲ್ಲಿ ನಮ್ಮ ಮನೆಗೆ ಬಂದರು. ಕದ್ದವನು ಯಾರು ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ಅಪ್ಪ ಅಮ್ಮನ ಎದುರಿಗೆ 'ನನ್ನದು ತಪ್ಪಾಯಿತು ಮಗಾ' ಅಂದರು. ದೊಡ್ಡವರು ಮಕ್ಕಳಿಗೆ ಹಾಗೆ ಹೇಳಿದ್ದನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ. ಅವತ್ತಿನಿಂದ ಶಾಲೆಯಲ್ಲಿ ಬೆತ್ತ ಕಾಣಲಿಲ್ಲ. ನಾನೂ ಮೇಷ್ಟ್ರಾದೆ. 31 ವರ್ಷದಲ್ಲಿ ಒಂದು ಮಗುವಿನ ಮೇಲೂ ಕೈ ಮಾಡಲಿಲ್ಲ.

ಮೊಮ್ಮಗಳು, ಸಾಗರ:

ಸರ್, ಬರೆದಿದ್ದಕ್ಕೆ ಥ್ಯಾಂಕ್ಸ್. ಅಮ್ಮಮ್ಮ ಆ ಐದು ಪೈಸೆಯ ಕಥೆಯನ್ನು ನಮಗೂ ಹೇಳಿದ್ದರು. ಯಾರು ಅಂತ ಹೇಳಿರಲಿಲ್ಲ.

ಅವರ ಕೊನೆಯ ತಿಂಗಳುಗಳ ಬಗ್ಗೆ ಕೆಲವರು ಫೋನಿನಲ್ಲಿ ಕೇಳಿದರು. ಬುದ್ಧಿ ಚುರುಕಾಗಿತ್ತು. ಮಳೆಗಾಲದಲ್ಲಿ ಬೆಳಿಗ್ಗೆ ಪೇಪರು ಬಂದರೆ ಮೊದಲು ಜಲಾಶಯಗಳ ಮಟ್ಟ ನೋಡುತ್ತಿದ್ದರು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಇವತ್ತಿನ ಮಟ್ಟ ಎಷ್ಟು ಅಂತ ಜೋರಾಗಿ ಓದುತ್ತಿದ್ದರು. 'ಈಗ ಶಾಲೆಯ ಮೆಟ್ಟಿಲಿಗೆ ಬಂತು', 'ಈಗ ಮಾಡು ಮುಚ್ಚಿತು' ಅನ್ನುತ್ತಿದ್ದರು. ಅಷ್ಟು ಅಡಿಗೆ ಆ ಊರಿನಲ್ಲಿ ಎಲ್ಲಿಯವರೆಗೆ ನೀರು ಅನ್ನುವುದು ಅವರಿಗೆ ಗೊತ್ತಿತ್ತು.

ಜುಲೈನಲ್ಲಿ ಅಂಬಾರಗೊಡ್ಲು ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತಲ್ಲ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು ಅಂತ ಹಟ ಹಿಡಿದರು. ಆಗಸ್ಟಿನಲ್ಲಿ ಒಂದು ದಿನ ಮಳೆ ಬಿಟ್ಟಾಗ ಹೋದೆವು. ಎಷ್ಟೋ ವರ್ಷ ಲಾಂಚಿಗೆ ಕಾದು ಕಾದು ದಾಟಿದ ನೀರು. ಕಾರು ಮೂರು ನಿಮಿಷದಲ್ಲಿ ಆಚೆ ದಡ ಮುಟ್ಟಿತು. ಅಮ್ಮಮ್ಮ ಕಿಟಕಿಗೆ ಹಣೆ ಒತ್ತಿ ನೋಡುತ್ತಿದ್ದರು. ಆಚೆ ದಡದಲ್ಲಿ ಇಳಿಸಿದೆ. ಲಾಂಚು ನಿಲ್ಲುತ್ತಿದ್ದ ಕಡೆ ತಿರುಗಿ ನಿಂತು, 'ಈ ಮಕ್ಕಳಿಗೆ ಇನ್ನು ಹೆರಿಗೆಗೆ, ಜ್ವರಕ್ಕೆ ಕಾಯುವುದು ಬೇಡ' ಅಂದರು. ವಾಪಸು ಬರುವಾಗ ಸೇತುವೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಬಂತು ಅಂದುಕೊಂಡೆ. ಹತ್ತಿರ ಬಗ್ಗಿ ಕೇಳಿದರೆ ಹೆಸರು ಹೇಳುತ್ತಿದ್ದರು. ಹಾಜರಿ ಕರೆಯುವ ಹಾಗೆ, ಒಂದೊಂದೇ. ಈಗ ಪುಸ್ತಕ ನೋಡಿದ ಮೇಲೆ ಗೊತ್ತಾಯಿತು, ಅದೇ ಕ್ರಮ.

ಇಲ್ಲಿಯವರೆಗೆ 13ರಲ್ಲಿ 5 ಜನರ ಸುದ್ದಿ ಸಿಕ್ಕಿದೆ. ಅದರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಮುಂದಿನ ಮಾರಿಜಾತ್ರೆಯೊಳಗೆ ಉಳಿದವರದ್ದೂ ಸಿಗಲಿ ಅಂತ ಆಸೆ.

ಭದ್ರಾವತಿ ಕಡೆಯವನು:

ಮೇಡಂ ನಮಸ್ಕಾರ. ನಮ್ಮ ಅಕ್ಕನ ಮಗಳು ಇದನ್ನು ಫೋನಿಗೆ ಕಳಿಸಿದಳು. 'ಹೊಳೆ ಆಚೆ ಕೊನೇ ಮನೆ, ಎರಡನೇ ಹುಡುಗಿ' ಅಂತ ಬರೆದಿದ್ದೀರಲ್ಲ, ಅದು ನಮ್ಮ ಅಮ್ಮ ಇರಬೇಕು. ಓದಿ ಹೇಳಿದೆ. ಅಮ್ಮ ಎದ್ದು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ಬಂದು ಇನ್ನೊಂದು ಸಲ ಓದು ಅಂದರು.

ಅಮ್ಮನಿಗೆ ಈಗ 70. ಲಾರಿ ಇಳಿಸಿದ ಜಾಗದಲ್ಲಿ ಶಾಲೆ ಇರಲಿಲ್ಲ. ಹತ್ತಿರದ ಶಾಲೆ ಮೂರು ಮೈಲಿ, ಕಾಡು ದಾರಿ. ತಾತ ಜಾಗ ಕಡಿಯುವಾಗ ತಮ್ಮಂದಿರನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಅಮ್ಮ ಮತ್ತೆ ಶಾಲೆಗೆ ಹೋಗಲಿಲ್ಲ. ಅಕ್ಕೋರು ಕೊಟ್ಟ ಟಿ.ಸಿ.ಯನ್ನು ಅಜ್ಜಿ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದರು. ಯಾವ ಶಾಲೆಗೂ ಕೊಡಲಿಲ್ಲ. ಅದು ಈಗಲೂ ನಮ್ಮ ಮನೆಯಲ್ಲಿದೆ, ಮಡಿಕೆಯಲ್ಲಿ ಹರಿದಿದೆ. ಜಮೀನಿನ ಕಾಗದಕ್ಕೆ ಓಡಾಡುವಾಗ ನಾವು ಆ ಊರಿನವರು ಅಂತ ತೋರಿಸಲು ನಮ್ಮ ಹತ್ತಿರ ಇದ್ದದ್ದು ಅದೊಂದೇ.

ಅಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. 'ಭಾಗಾಕಾರ ನನಗೆ ಬರಲೇ ಇಲ್ಲ ಅಂತ ಬರಿ. ಅಕ್ಕೋರ ಪುಸ್ತಕದಲ್ಲಿ ಸುಳ್ಳು ಬೇಡ. ಆದರೆ ಒಗಟು ಇನ್ನೂ ಹೇಳುತ್ತೇನೆ ಅಂತಲೂ ಬರಿ. ಮೊಮ್ಮಕ್ಕಳೆಲ್ಲ ಸಂಜೆ ನನ್ನ ಹತ್ತಿರವೇ ಕೂರುತ್ತಾರೆ.' ಒಂದು ಒಗಟನ್ನೂ ಬರೆಯಲು ಹೇಳಿದ್ದಾರೆ. ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ. ಅಕ್ಕೋರು ಜಡೆಗೆ ಅದನ್ನು ಮುಡಿದು ಶಾಲೆಗೆ ಬರುತ್ತಿದ್ದರಂತೆ.

ಮೊಮ್ಮಗಳು, ಸಾಗರ:

ಮಲ್ಲಿಗೆ. ಆ ಬಳ್ಳಿ ನಮ್ಮ ಅಂಗಳದಲ್ಲಿ ಈಗಲೂ ಇದೆ. ಮುಳುಗುವ ಊರಿನಿಂದ ತಂದು ನೆಟ್ಟದ್ದು ಅಂತ ಅಮ್ಮಮ್ಮ ಹೇಳುತ್ತಿದ್ದರು.

ಅಣ್ಣಾ, ನಿಮ್ಮ ಅಮ್ಮ ಹೇಳಿದ್ದನ್ನು ಅಕ್ಷರ ಬಿಡದೆ ಪುಸ್ತಕದಲ್ಲಿ ಬರೆದಿದ್ದೇನೆ. ಮುಂದಿನ ಭಾನುವಾರ ನೀವು ಮನೆಯಲ್ಲಿ ಇರುತ್ತೀರಾ? ದೊಡ್ಡತ್ತೆಯೂ ಬರುತ್ತಾರಂತೆ. ಪುಸ್ತಕ ತರುತ್ತೇವೆ, ಅಮ್ಮ ತಮ್ಮ ಸಾಲನ್ನು ತಾವೇ ನೋಡಲಿ. ಬಳ್ಳಿಯ ಒಂದು ಕಡ್ಡಿಯನ್ನೂ ಬೇರು ಸಮೇತ ತರುತ್ತೇನೆ. ಅಂಗಳದಲ್ಲಿ ಬಿಸಿಲು ಬೀಳುವ ಜಾಗ ನೋಡಿಡಲು ಅವರಿಗೆ ಹೇಳಿ.